ಏಳರ ನಡೆ ಬಲ್ಲ ಕಿವಿಗೆ: ವಿಜಯ್ ಅಯ್ಯರ್ ಟ್ರಿಯೋದ ‘ಬ್ರೇಕ್ ಸ್ಟಫ್’

ಪಿಯಾನೋ, ಡಬಲ್ ಬಾಸ್, ಡ್ರಮ್ಸ್ ಈ ಮೂರೇ ವಾದ್ಯಗಳು ಸೇರಿದ ಮೇಳವನ್ನು ಜಾಝ್ ಲೋಕದಲ್ಲಿ ಪಿಯಾನೋ ಟ್ರಿಯೋ ಎಂದು ಕರೆಯುತ್ತಾರೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ನಮಗೆ ಕರ್ನಾಟಕ ಸಂಗೀತದ ಕಛೇರಿಗಳು ಸಿಗುತ್ತವೆ, ಮಳೆಗಾಲ ಕಳೆದ ಮೇಲೆ ಯಕ್ಷಗಾನದ ಆಟಗಳೂ ಸಿಗುತ್ತವೆ. ಇಂತಹ ಟ್ರಿಯೋವನ್ನು ಎದುರು ಕುಳಿತು ಕೇಳುವ ಅವಕಾಶ ಮಾತ್ರ ಇಲ್ಲವೆನ್ನುವಷ್ಟು ವಿರಳ. ಹೀಗಾಗಿ ಧ್ವನಿಮುದ್ರಿಕೆಯೇ ನಮ್ಮ ಪಾಲಿನ ಕಛೇರಿಯಾಗುತ್ತದೆ, ಮತ್ತು ಮೊದಲು ಯಾವ ಮುದ್ರಿಕೆಯನ್ನು ಕೈಗೆತ್ತಿಕೊಳ್ಳುತ್ತೇವೆ ಎಂಬುದರ ಮೇಲೆ ಈ ಸಂಗೀತ ನಮಗೆ ಒಲಿಯುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಜಾಝ್ ಕೇಳಬೇಕೆಂದು ಆಸೆಪಡುವ ಮಲೆನಾಡಿನ ಗೆಳೆಯರಿಗೆ ಸಾಮಾನ್ಯವಾಗಿ ಐವತ್ತು, ಅರವತ್ತರ ದಶಕದ ಪ್ರಸಿದ್ಧ ಮುದ್ರಿಕೆಗಳನ್ನು ಸೂಚಿಸುವ ರೂಢಿಯಿದೆ. ನನ್ನ ಸಲಹೆ ಬೇರೆ. ತಾಳ, ಲಯ, ಮಾತ್ರೆಗಳ ಲೆಕ್ಕದಲ್ಲಿ ಬೆಳೆದ ಕಿವಿಗೆ ಹತ್ತಿರದ ಬಾಗಿಲು ವಿಜಯ್ ಅಯ್ಯರ್ ಟ್ರಿಯೋದ ‘ಬ್ರೇಕ್ ಸ್ಟಫ್’. 2015ರಲ್ಲಿ ಮ್ಯೂನಿಕ್ ನಗರದ ಇಸಿಎಂ ಸಂಸ್ಥೆ ಹೊರತಂದ ಈ ಆಲ್ಬಮ್‌ನಲ್ಲಿರುವ ಹನ್ನೆರಡು ಕೃತಿಗಳ ಪೈಕಿ ಒಂಬತ್ತು ಅಯ್ಯರ್ ಅವರ ಸ್ವಂತ ರಚನೆಗಳು, ಮತ್ತು ಇದರ ನಿಜವಾದ ಬೆಲೆ ಇರುವುದು ಆ ಒಂಬತ್ತರಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಯ್ಯರ್ ಅವರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಸಂಗೀತದ ಸ್ವಭಾವಕ್ಕೂ ಅದಕ್ಕೂ ನೇರ ಸಂಬಂಧವಿದೆ. ಅಮೆರಿಕಕ್ಕೆ ವಲಸೆ ಹೋದ ತಮಿಳು ಕುಟುಂಬದಲ್ಲಿ 1971ರಲ್ಲಿ ಹುಟ್ಟಿದ ಅವರು ಬಾಲ್ಯದಿಂದ ಹದಿನೈದು ವರ್ಷ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯಲ್ಲಿ ಪಿಟೀಲು ಕಲಿತರು. ಪಿಯಾನೋವನ್ನು ಬಹುತೇಕ ಕಿವಿಯಿಂದಲೇ, ತಾವಾಗಿಯೇ ಕಲಿತರು. ಯೇಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿ, ಬರ್ಕ್ಲಿಯಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಸೇರಿ, ನಡುವೆ ದಾರಿ ಬದಲಿಸಿ, ಪಶ್ಚಿಮ ಆಫ್ರಿಕದ ಮತ್ತು ಆಫ್ರಿಕನ್ ಅಮೆರಿಕನ್ ಸಂಗೀತದಲ್ಲಿ ಲಯವನ್ನು ದೇಹ ಹೇಗೆ ಗ್ರಹಿಸುತ್ತದೆ ಎಂಬ ವಿಷಯದ ಮೇಲೆ 1998ರಲ್ಲಿ ಡಾಕ್ಟರೇಟ್ ಪಡೆದರು. 2014ರಿಂದ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು. ಇದನ್ನೆಲ್ಲ ಓದಿದವರು ಅವರ ಸಂಗೀತ ಲೆಕ್ಕದ ಪುಸ್ತಕದಂತೆ ಒಣಗಿರಬಹುದೆಂದು ಶಂಕಿಸುವುದು ಸಹಜ. ಆದರೆ ಅವರ ಸಂಶೋಧನೆಯ ಮೂಲ ಪ್ರಶ್ನೆಯೇ ದೇಹಕ್ಕೆ ಸಂಬಂಧಿಸಿದ್ದು: ತಾಳ ಹಾಕುವ ಕೈ, ನಡೆಯುವ ಕಾಲು, ಎಳೆದುಕೊಳ್ಳುವ ಉಸಿರು ಇವುಗಳಿಂದ ಲಯ ಹುಟ್ಟುತ್ತದೆಯೆಂಬ ನಂಬಿಕೆ ಈ ಆಲ್ಬಮ್‌ನ ಪ್ರತಿಯೊಂದು ಕೃತಿಯಲ್ಲಿಯೂ ಕೇಳಿಬರುತ್ತದೆ.

ಬಾಸ್ ನುಡಿಸುವವರು ಮೆಂಫಿಸ್ ಮೂಲದ ಸ್ಟೀಫನ್ ಕ್ರಂಪ್. ಡ್ರಮ್ಸ್ ನುಡಿಸುವವರು ಮಾರ್ಕಸ್ ಗಿಲ್ಮೋರ್. ಚಾರ್ಲಿ ಪಾರ್ಕರ್, ಥೆಲೋನಿಯಸ್ ಮಂಕ್, ಜಾನ್ ಕೊಲ್ಟ್ರೇನ್ ಇವರೆಲ್ಲರ ಜೊತೆ ನುಡಿಸಿದ ಮಹಾನ್ ಡ್ರಮ್ಮರ್ ರಾಯ್ ಹೇನ್ಸ್ ಅವರ ಮೊಮ್ಮಗ. ಈ ಮೂವರು ಒಟ್ಟಿಗೆ ನುಡಿಸತೊಡಗಿದ್ದು ಟ್ರಿಯೋ ಆಗಿ ಅಲ್ಲ. ಸ್ಯಾಕ್ಸಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರೂ ಸೇರಿದ್ದ ನಾಲ್ವರ ಮೇಳದಲ್ಲಿ ಇವರು ವರ್ಷಗಟ್ಟಲೆ ನುಡಿಸಿದ್ದರು. ನಮ್ಮ ಕದ್ರಿ ಗೋಪಾಲನಾಥ್ ಅವರ ಜೊತೆಗೂಡಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಮಾಡಿದ ಮಹಂತಪ್ಪ ಇವರೇ. ಕರಾವಳಿಯ ಸ್ಯಾಕ್ಸಫೋನಿಗೂ ನ್ಯೂಯಾರ್ಕಿನ ಜಾಝ್‌ಗೂ ಇಷ್ಟು ಹತ್ತಿರದ ನಂಟಿರುವುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲವೆಂದು ಕಾಣುತ್ತದೆ. ಆ ಮೇಳದಿಂದ ಸ್ಯಾಕ್ಸಫೋನ್ ತೆಗೆದರೆ ಉಳಿಯುವ ಮೂವರೇ ಈ ಟ್ರಿಯೋ. ‘ಹಿಸ್ಟಾರಿಸಿಟಿ’ (2009), ‘ಆಕ್ಸೆಲೆರಾಂಡೋ’ (2012) ಎಂಬ ಎರಡು ಆಲ್ಬಮ್‌ಗಳ ನಂತರ ಬಂದ ‘ಬ್ರೇಕ್ ಸ್ಟಫ್’ ಮುದ್ರಣಗೊಳ್ಳುವ ವೇಳೆಗೆ ಇವರ ಒಡನಾಟಕ್ಕೆ ಹತ್ತು ವರ್ಷ ದಾಟಿತ್ತು. ಒಬ್ಬರು ಕೈ ಎತ್ತಿದರೆ ಇನ್ನೊಬ್ಬರಿಗೆ ಅದು ಎಲ್ಲಿ ಇಳಿಯುತ್ತದೆಯೆಂದು ಗೊತ್ತಿರುವಷ್ಟು ಹಳೆಯ ಪರಿಚಯವಿಲ್ಲದೆ ಇಂತಹ ಸಂಗೀತವನ್ನು ನುಡಿಸಲು ಸಾಧ್ಯವೇ ಇಲ್ಲ.

ಹಿಂದಿನ ಎರಡು ಆಲ್ಬಮ್‌ಗಳಿಗೆ ಹೆಸರು ತಂದುಕೊಟ್ಟದ್ದು ಹೆಚ್ಚಾಗಿ ಬೇರೆಯವರ ಹಾಡುಗಳನ್ನು ಇವರು ಮುರಿದು ಕಟ್ಟಿದ ರೀತಿ. ಮೈಕಲ್ ಜಾಕ್ಸನ್ ಹಾಡಿದ್ದನ್ನೂ ಡ್ಯೂಕ್ ಎಲಿಂಗ್ಟನ್ ರಚಿಸಿದ್ದನ್ನೂ ಒಂದೇ ಆಲ್ಬಮ್‌ನಲ್ಲಿ ನುಡಿಸಿ ಎರಡಕ್ಕೂ ನ್ಯಾಯ ಒದಗಿಸಿದ್ದರು. ‘ಬ್ರೇಕ್ ಸ್ಟಫ್’ನಲ್ಲಿ ಒತ್ತು ಸ್ವಂತ ರಚನೆಗಳ ಕಡೆಗೆ ತಿರುಗಿದೆ. ಇವುಗಳಲ್ಲಿ ಕೆಲವು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮೊದಲು ನುಡಿಸಿದ ಕೃತಿಮಾಲೆಯಿಂದ ಬಂದಿವೆ, ಕೆಲವು ದೊಡ್ಡ ಮೇಳಕ್ಕಾಗಿ ಬರೆದ ಬೇರೊಂದು ಕೃತಿಯಿಂದ ಬಂದಿವೆ. ಅಂದರೆ ದೊಡ್ಡದಾಗಿ ಕಟ್ಟಿದ್ದನ್ನು ಬಿಚ್ಚಿ ಮೂರು ವಾದ್ಯಗಳಿಗೆ ಇಳಿಸಿದ ಕೆಲಸ ಇದು. ಸಂಗೀತದ ನಡುವೆ ಬರುವ ಬಿಡುವೂ ಸಂಗೀತವೇ, ಅದು ನುಡಿಸುವವನು ಏನನ್ನಾದರೂ ಮಾಡಲು ಸಿಗುವ ಕಾಲಾವಕಾಶ ಎಂಬುದು ಅಯ್ಯರ್ ಅವರ ವಿಚಾರ. ತಾಳದ ಆವರ್ತದಲ್ಲಿ ಪೆಟ್ಟಿಲ್ಲದ ಜಾಗಕ್ಕೂ ಲೆಕ್ಕವಿದೆಯೆಂದು ಬಲ್ಲವರಿಗೆ, ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಆವರ್ತದ ಮೊದಲ ಪೆಟ್ಟಾದ ಸಮದಿಂದ ಅರೆ ಅಕ್ಷರ ಆಚೆ ಸರಿದರೆ ಪಲ್ಲವಿಯ ಮುಖವೇ ಬದಲಾಗುತ್ತದೆಯೆಂದು ಬಲ್ಲವರಿಗೆ ಈ ಮಾತು ಹೊಸದೇನೂ ಅಲ್ಲ.

ರೂಢಿಯ ಜಾಝ್ ಕೃತಿಗೆ ಒಂದು ನಿಶ್ಚಿತ ಕ್ರಮವಿದೆ. ಮೊದಲು ಎಲ್ಲರೂ ಸೇರಿ ರಾಗದ ಸಾಲನ್ನು ನುಡಿಸುತ್ತಾರೆ, ಅನಂತರ ಒಬ್ಬೊಬ್ಬರಾಗಿ ಅದೇ ಸ್ವರಮೇಳದ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಸುತ್ತಿನ ಮೇಲೆ ಮನೋಧರ್ಮ, ಅಂದರೆ ಆಶುವಾದನ, ಮೆರೆಯುತ್ತಾರೆ, ಕೊನೆಗೆ ಮತ್ತೆ ಮೊದಲ ಸಾಲಿಗೆ ಬಂದು ಮುಗಿಸುತ್ತಾರೆ. ಪಲ್ಲವಿ, ಮನೋಧರ್ಮ, ಮತ್ತೆ ಪಲ್ಲವಿ ಎಂದು ನಾವು ಸುಲಭವಾಗಿ ಹಿಡಿಯಬಹುದಾದ ಕ್ರಮ. ಈ ಆಲ್ಬಮ್‌ನ ಸ್ವಂತ ರಚನೆಗಳಲ್ಲಿ ಆ ಕ್ರಮ ಹಿಂದೆ ಸರಿದಿದೆ. ಹಾಡಿಕೊಳ್ಳಬಹುದಾದ ಸಾಲನ್ನು ಹುಡುಕುತ್ತ ಕುಳಿತವರಿಗೆ ಮೊದಲ ಸಲ ಕೈಗೇನೂ ಸಿಗದಿರಬಹುದು. ಇಲ್ಲಿ ರಚನೆಯೆಂದರೆ ಮೂವರ ನಡುವೆ ಕಾಲವನ್ನು ಹಂಚಿಕೊಳ್ಳುವ ಒಂದು ಕಟ್ಟುಪಾಡು: ಯಾರು ಯಾವ ನಡೆಯಲ್ಲಿ ಹೋಗಬೇಕು, ಎಲ್ಲಿ ಒಬ್ಬರನ್ನೊಬ್ಬರು ಸಂಧಿಸಬೇಕು, ಎಲ್ಲಿ ಉದ್ದೇಶಪೂರ್ವಕವಾಗಿ ತಪ್ಪಿಸಿಕೊಳ್ಳಬೇಕು. ಆ ಕಟ್ಟುಪಾಡು ಹಿಡಿತಕ್ಕೆ ಬಂದ ಮೇಲೆ ಸ್ವರಗಳ ಸೌಂದರ್ಯ ತಾನಾಗಿ ತೆರೆದುಕೊಳ್ಳುತ್ತದೆ.

‘ಹುಡ್’ ಇದಕ್ಕೆ ಅತ್ಯುತ್ತಮ ಉದಾಹರಣೆ. ಡೆಟ್ರಾಯಿಟ್ ನಗರದ ಟೆಕ್ನೋ ಸಂಗೀತಗಾರ ರಾಬರ್ಟ್ ಹುಡ್ ಅವರಿಗೆ ಗೌರವವಾಗಿ ರಚಿಸಿದ ಕೃತಿ ಇದು. ಯಂತ್ರಗಳಿಂದ ನುಡಿಸುವ, ಅತಿ ಕಡಿಮೆ ಸಾಮಗ್ರಿಯನ್ನು ಮತ್ತೆ ಮತ್ತೆ ಆವರ್ತಿಸುವ ಟೆಕ್ನೋ ಪ್ರಕಾರಕ್ಕೆ ಅವರು ಹೆಸರಾದವರು. ಅಯ್ಯರ್ ಟ್ರಿಯೋ ಯಂತ್ರದ ಆ ಕೆಲಸವನ್ನು ಮೂರು ಜೊತೆ ಕೈಗಳಿಂದ ಮಾಡಿಸುತ್ತದೆ. ಪಿಯಾನೋ ಮೊಟಕಾದ, ಒಣ ಪೆಟ್ಟಿನ ಒಂದು ಸ್ವರಗುಚ್ಛವನ್ನು ಹಿಡಿದು ಬಿಡದೆ ಬಡಿಯುತ್ತದೆ. ಗಿಲ್ಮೋರ್ ಅದರ ಅಡಿಯಲ್ಲಿ ಬೇರೊಂದು ಉದ್ದದ ಆವರ್ತವನ್ನು ನಡೆಸುತ್ತಾರೆ. ಕ್ರಂಪ್ ಅವರ ಬಾಸ್ ಇವೆರಡಕ್ಕೂ ಸೇರದ ಜಾಗಗಳನ್ನು ಆರಿಸಿಕೊಂಡು ಸ್ವರ ಇಡುತ್ತದೆ. ಮೇಲ್ನೋಟಕ್ಕೆ ಏನೂ ಬದಲಾಗುತ್ತಿಲ್ಲ. ಆದರೆ ಪಿಯಾನೋವಿನ ಒತ್ತು ಒಂದು ಅಕ್ಷರದಷ್ಟು ಆಚೆ ಸರಿದಾಗ ಅದುವರೆಗೆ ಸಮವೆಂದುಕೊಂಡಿದ್ದು ಎಡುಪಾಗಿಬಿಡುತ್ತದೆ, ಕೇಳುಗನ ಕಾಲು ತಾನು ಹಾಕುತ್ತಿದ್ದ ತಾಳವನ್ನು ಅನುಮಾನಿಸತೊಡಗುತ್ತದೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಸಾಲಾಗಿ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರ ಸದ್ದನ್ನು ಗಮನಿಸಿ ಕೇಳಿದವರಿಗೆ ಇದು ಗೊತ್ತು: ಒಬ್ಬೊಬ್ಬರ ಕೈ ಒಂದೊಂದು ವೇಗದಲ್ಲಿ ಓಡುತ್ತಿರುತ್ತದೆ, ಯಾರೂ ಯಾರಿಗೂ ಹೊಂದಿಸಿಕೊಳ್ಳುವುದಿಲ್ಲ, ಆದರೂ ಆಗಾಗ ಎಲ್ಲ ಕತ್ತಿಗಳೂ ಒಂದೇ ಪೆಟ್ಟಿಗೆ ಬಂದು ಕೂಡುತ್ತವೆ. ‘ಹುಡ್’ನಲ್ಲಿ ಆ ಕೂಡುವಿಕೆ ಆಕಸ್ಮಿಕವಲ್ಲ, ಲೆಕ್ಕ ಹಾಕಿ ಇಟ್ಟಿದ್ದು, ಅಷ್ಟಾದರೂ ಪ್ರತಿ ಸಲವೂ ಅನಿರೀಕ್ಷಿತವೆನ್ನಿಸುತ್ತದೆ. ಸುಮಾರು ಆರು ನಿಮಿಷದ ಈ ಕೃತಿಯಲ್ಲಿ ರೂಢಿಯ ಅರ್ಥದ ಒಂಟಿ ಮನೋಧರ್ಮವೇ ಇಲ್ಲವೆನ್ನಬಹುದು, ಅದರ ಕೊರತೆಯೂ ಕಾಡುವುದಿಲ್ಲ.

‘ಮಿಸ್ಟರಿ ವುಮನ್’ ನಮಗೆ ಇನ್ನೂ ಹತ್ತಿರದ್ದು. ಇದರ ಸಂಯುಕ್ತ ನಡೆಗಳು ದಕ್ಷಿಣ ಭಾರತದ ತಾಳವಾದ್ಯ ಪರಂಪರೆಗೆ ಋಣಿಯಾಗಿವೆ. ಗಮನಿಸಬೇಕಾದ ಸಂಗತಿಯೆಂದರೆ ಇಲ್ಲಿ ಮೃದಂಗವಿಲ್ಲ, ಘಟವಿಲ್ಲ, ರಾಗದ ಛಾಯೆಯನ್ನು ಹಚ್ಚುವ ಪ್ರಯತ್ನವೂ ಇಲ್ಲ. 2011ರಲ್ಲಿ ಅಯ್ಯರ್ ಗಿಟಾರ್ ವಾದಕ ಪ್ರಸನ್ನ ಮತ್ತು ತಬಲಾ ವಾದಕ ನಿತಿನ್ ಮಿತ್ತ ಅವರೊಡನೆ ‘ತೀರ್ಥ’ ಎಂಬ ಆಲ್ಬಮ್ ಮಾಡಿದ್ದರು. ಅದು ಸೊಗಸಾಗಿದೆ, ಆದರೆ ಭಾರತೀಯ ವಾದ್ಯ ಎದುರಿಗೇ ಇರುವುದರಿಂದ ಕಿವಿ ಅದರ ಕಡೆಗೇ ವಾಲುತ್ತದೆ. ‘ಮಿಸ್ಟರಿ ವುಮನ್’ನಲ್ಲಿ ಪ್ರಭಾವ ವಾದ್ಯದ ಸದ್ದಿನಲ್ಲಿಲ್ಲ, ಯೋಚನೆಯ ಕ್ರಮದಲ್ಲಿದೆ, ಅದಕ್ಕಾಗಿಯೇ ಆಳವಾಗಿದೆ. ಮೃದಂಗ ಕಲಿಸುವ ಪರಿಚಿತ ಮೇಷ್ಟ್ರೊಬ್ಬರಿಗೆ ಇದನ್ನು ಕೇಳಿಸಿದಾಗ ಅವರು ತೊಡೆಯ ಮೇಲೆ ತಾಳ ಹಾಕುತ್ತ, ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ, “ಸಮ ಎಲ್ಲಿದೆ ಮಾರಾಯ್ರೆ ಇದಕ್ಕೆ?” ಎಂದು ಕೇಳಿದರು. ಮತ್ತೆ ಮೊದಲಿನಿಂದ ಹಾಕಲು ಹೇಳಿ, ಈ ಸಲ ಪಿಯಾನೋವನ್ನು ಬಿಟ್ಟು ಬಾಸನ್ನು ಹಿಂಬಾಲಿಸಿದರು. ಅವರಿಗೆ ದಾರಿ ಸಿಕ್ಕಿತು. ಅನಂತರ ಕೃತಿ ಮುಗಿಯುವವರೆಗೂ ಅವರ ಬೆರಳುಗಳು ಬಿಡಲಿಲ್ಲ, ಪಿಯಾನೋವಿನ ಕೆಲವು ಸುತ್ತುಗಳಿಗೆ ಕೊರವೆಗೆ, ಅಂದರೆ ಲೆಕ್ಕ ಹಾಕಿ ಕಟ್ಟಿದ ಮುಕ್ತಾಯಕ್ಕೆ, ತಲೆದೂಗುವಂತೆಯೇ ತಲೆದೂಗಿದರು. ಹೊಸ ಕೇಳುಗರಿಗೆ ನಾನು ಕೊಡುವ ಸೂಚನೆಯೂ ಇದೇ: ಮೊದಲು ಬಾಸನ್ನು ಹಿಡಿಯಿರಿ.

ನಮ್ಮ ಕಡೆಯ ಕಿವಿಗೆ ಈ ಸಂಗೀತ ಏಕೆ ಒಗ್ಗುತ್ತದೆಂದರೆ ಅದಕ್ಕೆ ಕಾರಣ ಕರ್ನಾಟಕ ಸಂಗೀತವೊಂದೇ ಅಲ್ಲ. ಶಿವಮೊಗ್ಗದಿಂದ ಕೂಗಳತೆಯ ದೂರದಲ್ಲಿ, ತುಂಗೆಯ ಈಚೆ ಮತ್ತೂರು, ಆಚೆ ಹೊಸಹಳ್ಳಿ. ಹೊಸಹಳ್ಳಿಯ ಗಮಕ (ಕಾವ್ಯವಾಚನ) ಪರಂಪರೆ ಎಲ್ಲರಿಗೂ ತಿಳಿದದ್ದು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಭಾಮಿನಿ ಷಟ್ಪದಿಯ ಸಾಲು ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು ಎಂದು ಸಾಗುತ್ತದೆ. ಅಂದರೆ ಏಳರ ನಡೆ, ಮಿಶ್ರಚಾಪುವಿನ ನಡೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಈ ಏಳರ ಘಟಕ ಮೂರು ಸಲ ಬಂದು ಕೊನೆಗೊಂದು ಗುರುವಿನಲ್ಲಿ ನಿಲ್ಲುತ್ತದೆ. ಗಮಕಿ ತಾಳ ಹಾಕುವುದಿಲ್ಲ; ಅರ್ಥಕ್ಕೆ ತಕ್ಕಂತೆ ಪದವನ್ನು ಒಡೆಯುತ್ತಾನೆ, ಎಳೆಯುತ್ತಾನೆ, ಗಣ ಮುಗಿದಲ್ಲಿ ಪದ ಮುಗಿಯದೆ ಮುಂದಿನ ಗಣಕ್ಕೆ ಹರಿಯಲು ಬಿಡುತ್ತಾನೆ. ಆದರೂ ಕೇಳುವವನ ಒಳಗೆ ಮೂರು ನಾಲ್ಕರ ಎಣಿಕೆ ತಪ್ಪುವುದಿಲ್ಲ. ಪದದ ಗಡಿ ಒಂದು ಕಡೆ, ಗಣದ ಗಡಿ ಇನ್ನೊಂದು ಕಡೆ ಇರುವ ಈ ಎಳೆದಾಟವೇ ಷಟ್ಪದಿಯ ಸೊಗಸು, ಮತ್ತು ಅಯ್ಯರ್ ಅವರ ಬಲಗೈ ಮಾಡುವ ಕೆಲಸವೂ ಬಹುಪಾಲು ಇದೇ. ಯಕ್ಷಗಾನದ ತ್ರಿವುಡೆ ತಾಳದಲ್ಲಿ ಭಾಗವತರ ಪದ್ಯ, ಮದ್ದಳೆ, ಚಂಡೆ ಮೂರೂ ಬೇರೆ ಬೇರೆ ಸಾಂದ್ರತೆಯಲ್ಲಿ ಸಾಗಿ ಮುಕ್ತಾಯದಲ್ಲಿ ಒಂದಾಗುವುದನ್ನು ಕೇಳಿ ಬೆಳೆದವರು ‘ಮಿಸ್ಟರಿ ವುಮನ್’ನ ಎದುರು ಅಪರಿಚಿತರಂತೆ ಕುಳಿತುಕೊಳ್ಳಬೇಕಾಗಿಲ್ಲ. ಜಾಝ್ ತಿಳಿಯಬೇಕಾದರೆ ಅಮೆರಿಕದ ಹಾಡುಗಳ ಪರಿಚಯ ಮೊದಲೇ ಇರಬೇಕೆಂಬ ಮಾತು ಹಳೆಯ ಮುದ್ರಿಕೆಗಳ ಮಟ್ಟಿಗೆ ನಿಜವಾಗಿರಬಹುದು. ಈ ಆಲ್ಬಮ್‌ನ ಸ್ವಂತ ರಚನೆಗಳ ಮಟ್ಟಿಗೆ ನಿಜವಲ್ಲ.

ಹಕ್ಕಿಗಳ ಹೆಸರಿನ ಮೂರು ಕೃತಿಗಳು ಬೇರೆಯೇ ಸ್ವಭಾವದವು. ‘ಸ್ಟಾರ್ಲಿಂಗ್ಸ್’ ಆಲ್ಬಮ್ಮನ್ನು ತೆರೆಯುತ್ತದೆ, ‘ಗೀಸ್’ ಕೊನೆಯ ಭಾಗದಲ್ಲಿ ಬರುತ್ತದೆ, ‘ರೆನ್ಸ್’ ಮುಗಿಸುತ್ತದೆ. ಕಾದಂಬರಿಕಾರ ಟೇಜು ಕೋಲ್ ಅವರೊಡನೆ ದೊಡ್ಡ ಮೇಳಕ್ಕಾಗಿ ಮಾಡಿದ ‘ಓಪನ್ ಸಿಟಿ’ ಎಂಬ ಯೋಜನೆಯಿಂದ ಇವು ಬಂದಿವೆ. ಹಕ್ಕಿಗಳ ಕೂಗನ್ನು ಅನುಕರಿಸುವ ಸುಲಭದ ದಾರಿಯನ್ನು ಅಯ್ಯರ್ ಹಿಡಿದಿಲ್ಲ. ನನಗೆ ಇವು ಕೇಳಿಸುವುದು ಹಿಂಡಿನ ಚಲನೆಯ ಸಂಗೀತವಾಗಿ. ಜುಲೈ ಆಗಸ್ಟ್‌ನಲ್ಲಿ ಮಂಡಗದ್ದೆಯ ಬಳಿ ತುಂಗಾ ನಡುಗಡ್ಡೆಯ ಮರಗಳಿಗೆ ಬೆಳ್ಳಕ್ಕಿಗಳು, ನೀರುಕಾಗೆಗಳು ಸಂಜೆ ಮರಳುವುದನ್ನು ನೋಡಿದವರಿಗೆ ಗೊತ್ತಿರುವಂತೆ, ಹಿಂಡಿಗೆ ಮುಂದಾಳು ಯಾರೆಂದು ಹೇಳಲು ಬರುವುದಿಲ್ಲ. ಒಂದು ತಿರುಗಿದರೆ ಉಳಿದವು ತಿರುಗುತ್ತವೆ, ಮೊದಲು ತಿರುಗಿದ್ದು ಯಾವುದೆಂದು ಹಿಡಿಯುವಷ್ಟರಲ್ಲಿ ಹಿಂಡು ಬೇರೆ ಕಡೆಗೆ ಹೊರಳಿರುತ್ತದೆ. ‘ಸ್ಟಾರ್ಲಿಂಗ್ಸ್’ನಲ್ಲಿ ಮೂವರು ಹೀಗೆಯೇ ನುಡಿಸುತ್ತಾರೆ. ‘ಗೀಸ್’ ಇನ್ನಷ್ಟು ನಿಧಾನದ್ದು. ಕ್ರಂಪ್ ಇಲ್ಲಿ ಬಾಸನ್ನು ಕಮಾನಿನಿಂದ ನುಡಿಸುತ್ತಾರೆ. ಆ ದಪ್ಪ ತಂತಿಯ ಮೇಲೆ ಕಮಾನು ಹತ್ತಿಕೊಳ್ಳುವ ಮೊದಲ ಕ್ಷಣದ ಒರಟು ಸದ್ದು ಕೂಡ ಮುದ್ರಣದಲ್ಲಿ ಉಳಿದಿದೆ. ಪಿಯಾನೋ ಅದರ ಸುತ್ತ ಬಿಡಿಬಿಡಿಯಾಗಿ ಸ್ವರಗಳನ್ನು ಚೆಲ್ಲುತ್ತದೆ, ಲಯ ಬಹಳ ಹೊತ್ತಿನ ಮೇಲೆ, ತಡವರಿಸುತ್ತ ಕೂಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ ಬಂದ ಮೇಲೆ ಈ ಕೃತಿಯ ನಿಧಾನ ನನಗೆ ಹೆಚ್ಚು ಅರ್ಥವಾಯಿತೆಂದು ಹೇಳಬೇಕು. ದೊಡ್ಡ ಹಕ್ಕಿ ನೀರಿನಿಂದ ಏಳಲು ತೆಗೆದುಕೊಳ್ಳುವ ಸಮಯ ಅದರ ಹಾರಾಟದ ಭಾಗವೇ ಆಗಿರುತ್ತದೆ.

ಬೇರೆಯವರ ರಚನೆಗಳು ಮೂರು. ಮಂಕ್ ಅವರ ‘ವರ್ಕ್’ ಎಲ್ಲಕ್ಕಿಂತ ನೇರವಾದದ್ದು, ರೂಢಿಯ ಸ್ವಿಂಗ್ ನಡೆಗೆ ಹತ್ತಿರದ್ದು. ಅಯ್ಯರ್ ತಮ್ಮ ಪರಮ ಆದರ್ಶವೆಂದು ಹೇಳಿಕೊಳ್ಳುವ ಮಂಕ್‌ಗೆ ಸಲ್ಲಿಸಿದ ಗೌರವ. ‘ಬ್ಲಡ್ ಕೌಂಟ್’ ಬಿಲ್ಲಿ ಸ್ಟ್ರೇಹಾರ್ನ್ 1967ರಲ್ಲಿ ಕ್ಯಾನ್ಸರ್‌ನಿಂದ ಆಸ್ಪತ್ರೆಯಲ್ಲಿದ್ದಾಗ ಪೂರೈಸಿದ ಕೊನೆಯ ಕೃತಿ. ಅದೇ ವರ್ಷ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಇದನ್ನು ಅಯ್ಯರ್ ಒಬ್ಬರೇ ನುಡಿಸುತ್ತಾರೆ, ಅಲಂಕಾರಗಳನ್ನು ದೂರವಿಟ್ಟು, ಬಹಳ ಗೌರವದಿಂದ. ಕೊಲ್ಟ್ರೇನ್ 1959ರಲ್ಲಿ ಮುದ್ರಿಸಿದ ‘ಕೌಂಟ್‌ಡೌನ್’ ಇಲ್ಲಿ ಪಶ್ಚಿಮ ಆಫ್ರಿಕದ ಲಯದ ಚೌಕಟ್ಟಿನೊಳಗೆ ಹೊಸ ರೂಪ ಪಡೆದಿದೆ. ಮೂಲದಲ್ಲಿ ಸ್ವರಮೇಳಗಳು ಬದಲಾಗುವ ವೇಗವೇ ಸವಾಲಾಗಿದ್ದರೆ, ಇಲ್ಲಿ ಆ ಸವಾಲನ್ನು ಲಯದ ಕಡೆಗೆ ಹೊರಳಿಸಲಾಗಿದೆ. ಮೂರರಲ್ಲಿ ಇದೇ ಹೆಚ್ಚು ಗಟ್ಟಿಯಾದದ್ದು.

ಗಿಲ್ಮೋರ್ ಬಗ್ಗೆ ಪ್ರತ್ಯೇಕವಾಗಿ ಒಂದೆರಡು ಮಾತು ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಡ್ರಮ್ಸ್ ಎಂದರೆ ಆರ್ಕೆಸ್ಟ್ರಾದಲ್ಲಿ ಹಾಡುಗಾರನ ಹಿಂದೆ ಜೋರಾಗಿ ಬಾರಿಸುವ ವಾದ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಕಲಾವಿದ ಬಹುಪಾಲು ಸಮಯ ಮೆಲ್ಲನೆ ನುಡಿಸುತ್ತಾರೆ. ಹೈ-ಹ್ಯಾಟ್ ಎಂಬ ಜೋಡಿ ತಾಳಗಳನ್ನು ಅವರು ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದರಲ್ಲಿಯೇ ವಾಕ್ಯ ರಚಿಸುತ್ತಾರೆ. ಮೃದಂಗದ ಬಲಂತಲೆಯಲ್ಲಿ ಮೀಟಿಗೂ ಚಾಪುವಿಗೂ ಇರುವ ವ್ಯತ್ಯಾಸವನ್ನು ಬಲ್ಲವರು ಇಲ್ಲಿ ಲೋಹದ ಮೇಲೆ ಅಂತಹುದೇ ಸೂಕ್ಷ್ಮ ಭೇದಗಳನ್ನು ಗುರುತಿಸಬಹುದು: ಕಡ್ಡಿಯ ತುದಿ ತಾಗಿದ್ದು, ಅದರ ಹೆಗಲು ತಾಗಿದ್ದು, ತಾಗಿ ಒತ್ತಿ ಹಿಡಿದದ್ದು. ಒಳ್ಳೆಯ ಮೃದಂಗ ವಿದ್ವಾಂಸರು ಹಾಡುಗಾರನ ಸಾಹಿತ್ಯವನ್ನು ನುಡಿಸುತ್ತಾರೆಯೇ ಹೊರತು ಬರಿಯ ತಾಳವನ್ನಲ್ಲ ಎಂದು ಹಿರಿಯ ರಸಿಕರು ಹೇಳುವುದುಂಟು. ಆ ಅಳತೆಗೋಲಿನಲ್ಲಿ ಗಿಲ್ಮೋರ್ ಪೂರ್ಣಾಂಕ ಪಡೆಯುತ್ತಾರೆ.

ಮುದ್ರಣದ ಗುಣಮಟ್ಟಕ್ಕೆ ಬಂದರೆ, 2014ರ ಜೂನ್‌ನಲ್ಲಿ ನ್ಯೂಯಾರ್ಕಿನ ಅವಟಾರ್ ಸ್ಟುಡಿಯೋದಲ್ಲಿ ಜೇಮ್ಸ್ ಫಾರ್ಬರ್ ಇದನ್ನು ಮುದ್ರಿಸಿಕೊಂಡರು. ನಿರ್ಮಾಪಕರು 1969ರಲ್ಲಿ ಇಸಿಎಂ ಕಟ್ಟಿದ ಮ್ಯಾನ್‌ಫ್ರೆಡ್ ಐಕರ್. ವಾದ್ಯಗಳ ಸುತ್ತ ಗಾಳಿಯಾಡಲು ಜಾಗ ಬಿಡುವುದು, ಸ್ವರ ನಿಂತ ಮೇಲೂ ಅದರ ಅನುರಣನ ಆರುವವರೆಗೆ ಕಾಯುವುದು ಈ ಸಂಸ್ಥೆಯ ಪ್ರಸಿದ್ಧ ಗುಣ. ಹಕ್ಕಿಗಳ ಕೃತಿಗಳಿಗೆ, ‘ಬ್ಲಡ್ ಕೌಂಟ್’ಗೆ ಇದು ಹೇಳಿ ಮಾಡಿಸಿದಂತಿದೆ. ‘ಹುಡ್’ಗೆ ಅಷ್ಟು ಒಪ್ಪುವುದಿಲ್ಲವೆಂಬುದು ನನ್ನ ಆಕ್ಷೇಪ. ಅಲ್ಲಿ ಪ್ರತಿಯೊಂದು ಪೆಟ್ಟೂ ಒಣಗಿ, ಹತ್ತಿರದಲ್ಲಿ, ಅಂಚು ಸವೆಯದೆ ಕೇಳಬೇಕಿತ್ತು. ಅನುರಣನದ ತೆಳುವಾದ ಮಂಜು ಆ ಅಂಚುಗಳನ್ನು ಕೊಂಚ ಮೃದುಗೊಳಿಸಿದೆ. ಇದೇ ಟ್ರಿಯೋದ ‘ಆಕ್ಸೆಲೆರಾಂಡೋ’ದ ಮುದ್ರಣ ಇದಕ್ಕಿಂತ ಖಡಕ್ಕಾಗಿದೆ.

ಮಳೆಗಾಲದಲ್ಲಿ ಇದನ್ನು ಕೇಳುವವರಿಗೆ ಒಂದು ವಾಸ್ತವದ ಮಾತು ಹೇಳಬೇಕು. ತಗಡಿನ ಮಾಡಿನ ಕೆಳಗೆ ಆಷಾಢದ ಮಳೆ ಸುರಿಯುವಾಗ ಸ್ಪೀಕರಿನಲ್ಲಿ ಹಾಕಿದರೆ ‘ಸ್ಟಾರ್ಲಿಂಗ್ಸ್’, ‘ಗೀಸ್’ ಎರಡೂ ಕೇಳಿಸುವುದೇ ಇಲ್ಲ. ಬಾಸಿನ ಕೆಳಗಿನ ಸ್ವರಗಳನ್ನು ಮಳೆಯ ಸದ್ದು ಮೊದಲು ನುಂಗುತ್ತದೆ, ಬಾಸ್ ಹೋದರೆ ಈ ಸಂಗೀತದ ಲೆಕ್ಕವೇ ಕೈತಪ್ಪುತ್ತದೆ. ಅಂತಹ ದಿನಗಳಲ್ಲಿ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಮರದ ಮುಚ್ಚಿಗೆಯಿರುವ ಹಳೆಯ ಮನೆಯ ಜಗಲಿಯಲ್ಲಿ, ಮಳೆ ಬಿಟ್ಟ ಹೊತ್ತಿನಲ್ಲಿ, ಮಧ್ಯಮ ಗಾತ್ರದ ಎರಡು ಸ್ಪೀಕರುಗಳಲ್ಲಿ ಕೇಳಿದರೆ ಡಬಲ್ ಬಾಸಿನ ನಾದಕ್ಕೆ ಸಿಗುವ ತುಂಬು ಬೇರೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿ ಅಭಿಪ್ರಾಯ ಕಟ್ಟಿಕೊಳ್ಳುವುದು ಕಲಾವಿದರಿಗೆ ಮಾಡುವ ಅನ್ಯಾಯ. ಇಸಿಎಂ ಮುದ್ರಿಕೆಗಳಲ್ಲಿ ಆರಂಭದ ಕೆಲವು ಸೆಕೆಂಡು ಮೌನವಿರುವುದು ವಾಡಿಕೆ. ಸದ್ದು ಬರುತ್ತಿಲ್ಲವೆಂದು ಆಗ ವಾಲ್ಯೂಮ್ ಏರಿಸಬೇಡಿ.

ಕೊರತೆಗಳಿಲ್ಲವೆಂದಲ್ಲ. ಒಟ್ಟು ಅವಧಿ ಸುಮಾರು 70 ನಿಮಿಷ, ಒಂದೇ ಸಲಕ್ಕೆ ಕುಳಿತು ಅದೇ ಏಕಾಗ್ರತೆಯಿಂದ ಕೇಳಲು ಇದು ಹೆಚ್ಚು. ‘ಡಿಪ್ಟಿಕ್’ ಚೆನ್ನಾಗಿ ಕಟ್ಟಿದ ಕೃತಿಯಾದರೂ ‘ಹುಡ್’ಗೆ ಮೊದಲು ಬಂದು ಅದರ ಕೆಲಸವನ್ನು ಅರ್ಧ ಮಾಡಿಬಿಡುತ್ತದೆ, ಅದನ್ನು ಆಲ್ಬಮ್‌ನ ಎರಡನೆಯ ಭಾಗಕ್ಕೆ ಸರಿಸಿದ್ದರೆ ಎರಡಕ್ಕೂ ಒಳ್ಳೆಯದಾಗುತ್ತಿತ್ತು. ‘ಟೇಕಿಂಗ್ ಫ್ಲೈಟ್’ ಏರುತ್ತ ಹೋಗುವ ಕ್ರಮ ಹಿತವಾಗಿದ್ದರೂ ಏರಿದ ಮೇಲೆ ತಂಗುವುದು ತುಸು ದೀರ್ಘವಾಯಿತು. ಇನ್ನು ‘ಕೋರಾಲ್’ನ ಬಗ್ಗೆ ನನಗೆ ಹೇಳಬೇಕೆನ್ನಿಸುವುದು ಕಡಿಮೆ: ಸ್ವರಮೇಳಗಳು ಗಂಭೀರವಾಗಿವೆ, ಮನಸ್ಸಿನಲ್ಲಿ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಾಗದ ಸುಖವನ್ನೇ ಬಯಸಿ ಬರುವ ಕೇಳುಗರಿಗೆ, ಮೀಂಡು ಗಮಕಗಳ ಬಳುಕನ್ನು ಹುಡುಕುವವರಿಗೆ, ಪಿಯಾನೋ ಅದನ್ನು ಕೊಡಲಾರದು. ಆ ವಾದ್ಯದ ಸ್ವರಗಳು ಬಿಡಿಬಿಡಿಯಾಗಿ ನಿಂತವು. ಅಯ್ಯರ್ ಆ ಮಿತಿಯನ್ನು ಮರೆಮಾಚಲು ಹೋಗದೆ ಪಿಯಾನೋವನ್ನು ಹಲವೆಡೆ ತಾಳವಾದ್ಯದಂತೆಯೇ ಬಳಸಿದ್ದಾರೆ. ನನಗೆ ಇದು ಸರಿಯಾದ ನಿರ್ಧಾರವೆನ್ನಿಸುತ್ತದೆ, ಎಲ್ಲರಿಗೂ ಹಾಗೆನ್ನಿಸಬೇಕಾಗಿಲ್ಲ.

ಕೇಳುವ ಕ್ರಮದ ಬಗ್ಗೆ ನನ್ನ ಶಿಫಾರಸು ಹೀಗಿದೆ. ಮೊದಲ ದಿನ ‘ಮಿಸ್ಟರಿ ವುಮನ್’ ಮತ್ತು ‘ಹುಡ್’ ಎರಡನ್ನೇ ಕೇಳಬೇಕು, ಕೈಯಲ್ಲಿ ತಾಳ ಹಾಕಲು ಪ್ರಯತ್ನಿಸುತ್ತ ಕೇಳಬೇಕು. ತಾಳ ತಪ್ಪಿದರೆ ನಿಲ್ಲಿಸದೆ ಬಾಸಿನ ಬೆನ್ನು ಹತ್ತಬೇಕು. ಅನಂತರ ಹಕ್ಕಿಗಳ ಮೂರು ಕೃತಿಗಳನ್ನು ಬೇರೆಯಾಗಿ, ತಾಳದ ಗೊಡವೆಗೆ ಹೋಗದೆ ಕೇಳಬೇಕು. ಶೀರ್ಷಿಕೆಯ ಕೃತಿ ‘ಬ್ರೇಕ್ ಸ್ಟಫ್’ ಈ ಎರಡೂ ಬಗೆಗಳ ನಡುವೆ ನಿಲ್ಲುವಂಥದ್ದಾದ್ದರಿಂದ ಅದಕ್ಕೆ ಕೊನೆಯ ಸರದಿ. ಅಡಿಕೆ ತೋಟದ ಕೆಲಸದ ನಡುವೆ, ಅಡುಗೆಮನೆಯಲ್ಲಿ, ಪ್ರಯಾಣದಲ್ಲಿ ಹಿನ್ನೆಲೆಗೆಂದು ಹಾಕಿಕೊಳ್ಳುವ ಸಂಗೀತ ಇದಲ್ಲ. ಗಮನ ಕೊಡದಿದ್ದರೆ ಇದರಲ್ಲಿ ಉಳಿಯುವುದು ಸದ್ದು ಮಾತ್ರ.

ಸಿಗುವ ಬಗೆ ಈಗ ಸುಲಭವಾಗಿದೆ. ಇಸಿಎಂ ತನ್ನ ಸಂಗ್ರಹವನ್ನು 2017ರ ನವೆಂಬರ್‌ವರೆಗೆ ಸ್ಟ್ರೀಮಿಂಗ್ ಸೇವೆಗಳಿಗೆ ಬಿಟ್ಟಿರಲಿಲ್ಲ. ಅದುವರೆಗೆ ಶಿವಮೊಗ್ಗದಂತಹ ಊರಿನವರು ಹೊರದೇಶದಿಂದ ಸಿ.ಡಿ. ತರಿಸಿಕೊಳ್ಳಬೇಕಿತ್ತು, ಅದರ ಬೆಲೆ ವಿದ್ಯಾರ್ಥಿಗಳಿಗೆ ಎಟುಕುತ್ತಿರಲಿಲ್ಲ. ಈಗ ಚಾಲ್ತಿಯಲ್ಲಿರುವ ಪ್ರಮುಖ ಸೇವೆಗಳಲ್ಲಿ ಪೂರ್ತಿ ಆಲ್ಬಮ್ ಸಿಗುತ್ತದೆ. ನೆಟ್‌ವರ್ಕ್ ಕೈಕೊಡುವ ಆಗುಂಬೆ, ಹೊಸನಗರದ ಕಡೆಯವರು ಸಿಗ್ನಲ್ ಇರುವಲ್ಲಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಲೇಸು. ‘ಹುಡ್’ ನಡುವೆ ಕಡಿದು ನಿಂತರೆ ಮತ್ತೆ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ. ಈ ಆಲ್ಬಮ್ ಒಗ್ಗಿದವರು ಮುಂದೆ 2021ರಲ್ಲಿ ಬಂದ ‘ಅನೀಸಿ’ಯನ್ನು ಕೇಳಬಹುದು. ಅಲ್ಲಿ ಬಾಸ್ ಲಿಂಡಾ ಮೇ ಹಾನ್ ಓ ಅವರದು, ಡ್ರಮ್ಸ್ ಟೈಶಾನ್ ಸೋರಿ ಅವರದು. ಪಿಯಾನೋ ಅದೇ ಕೈಗಳದ್ದಾದರೂ ಜೊತೆಗಾರರು ಬದಲಾದೊಡನೆ ಅಯ್ಯರ್ ಅವರ ಲಯದ ಯೋಚನೆ ಎಷ್ಟು ಬದಲಾಗುತ್ತದೆಂಬುದು ಎರಡನ್ನೂ ಒಂದರ ಹಿಂದೊಂದು ಕೇಳಿದಾಗ ಸ್ಪಷ್ಟವಾಗುತ್ತದೆ; ಸೋರಿ ಅವರ ಪೆಟ್ಟು ಹೆಚ್ಚು ಭಾರದ್ದು, ಓ ಅವರ ಬಾಸ್ ಹೆಚ್ಚು ಹಾಡುವಂಥದ್ದು, ಆದರೆ ಏಳರ ನಡೆ ಬಲ್ಲ ಕಿವಿಗೆ ಬೇಕಾದ ಲೆಕ್ಕದ ಬಿಗಿ ಕ್ರಂಪ್ ಮತ್ತು ಗಿಲ್ಮೋರ್ ಇರುವ ‘ಬ್ರೇಕ್ ಸ್ಟಫ್’ನಲ್ಲಿಯೇ ಹೆಚ್ಚಾಗಿ ಸಿಗುತ್ತದೆ.